ಅಗ್ರಹಾರದ ಮನೆ ರಿಪೇರಿ: ಮುಂದಿನ ಕೋಣೆಯಲ್ಲಿ ಸಿಕ್ಕ ಬಾಗಿಲು

ಮೈಸೂರಿನ ಅಗ್ರಹಾರದ ನಮ್ಮ ಹಳೇ ಮನೆಯ ರಿಪೇರಿಯಲ್ಲಿ ಮುಂದಿನ ಕೋಣೆಯ ಸಿಮೆಂಟ್ ಪ್ಲಾಸ್ಟರ್ ಪೂರ್ತಿ ಕಿತ್ತಾಯಿತು. ಮೊಣಕಾಲೆತ್ತರದವರೆಗೆ ಗೋಡೆ ಸದಾ ಥಂಡಿ ಹಿಡಿಯುತ್ತಿದ್ದದ್ದು ಯಾಕೆ ಅನ್ನೋದು ಈಗ ಕಣ್ಣಿಗೇ ಕಾಣುತ್ತಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಹಾಗೇ ಗಾಳಿಗೆ ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಹೊರಗೆ ಹೋಗೋಕೆ ದಾರಿಯಿಲ್ಲ. ಒಳಗೇ ಉಪ್ಪುಗಟ್ಟಿ ಇಟ್ಟಿಗೆ ಉದುರುತ್ತದೆ. ಕೆಳಗಿನ ಸಾಲು ಉಗುರಿನಲ್ಲಿ ಕೆರೆದರೂ ಪುಡಿ ಬೀಳುತ್ತಿತ್ತು. ತೀರಾ ಹಾಳಾದವನ್ನು ಬಿಡಿಸಿ, ಹಿತ್ತಲಲ್ಲಿ ಬಿದ್ದ ಗೋಡೆಯ ಹಳೇ ಇಟ್ಟಿಗೆ ಕೂರಿಸಿದ್ದೇವೆ.

ಪಡಸಾಲೆ ಕಡೆಯ ಗೋಡೆಯಲ್ಲಿ ಇಟ್ಟಿಗೆಯ ಅಳತೆ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಮನೆಯ ಮೂಲ ಇಟ್ಟಿಗೆ ತೆಳು, ಚೆನ್ನಾಗಿ ಬೆಂದ ಕಡುಗೆಂಪು. ನಡುವೆ ಆಳೆತ್ತರದ ಜಾಗದಲ್ಲಿ ಮಾತ್ರ ದಪ್ಪ ಇಟ್ಟಿಗೆ, ಸಂದುಗಳಲ್ಲಿ ಬೂದು ಸಿಮೆಂಟ್. ಅದರ ಮೇಲೆ ತೆಳು ಇಟ್ಟಿಗೆ ನಿಲ್ಲಿಸಿ ಕಟ್ಟಿದ ಕಮಾನು. ಅಂದರೆ ಹಿಂದೆ ಇಲ್ಲೊಂದು ಬಾಗಿಲಿತ್ತು.

ದೊಡ್ಡತ್ತೆಗೆ ತೋರಿಸಿದೆ. "ಅಯ್ಯೋ, ಅದು ನಮ್ಮಪ್ಪ ಮುಚ್ಚಿಸಿದ್ದು ಕಣೋ. ಪ್ರೆಸ್‌ನವರಿಗೆ ಬಾಡಿಗೆಗೆ ಕೊಟ್ಟಾಗ. ಅದಕ್ಕೆ ಮುಂಚೆ ಅಲ್ಲಿ ವಾರಾನ್ನದ ಹುಡುಗರು ಓದ್ಕೊಳ್ತಿದ್ರು" ಅಂದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದ ಹುಡುಗರು.

ಎರಡಕ್ಕೂ ಗುರುತು ಸಿಕ್ಕಿದೆ. ಕಿಟಕಿ ಪಕ್ಕದ ಗೂಡಿನ ನೆತ್ತಿಯಲ್ಲಿ ದೀಪದ ಮಸಿ, ಸುಣ್ಣದ ಪದರಗಳ ಅಡಿಯಲ್ಲಿ ಇನ್ನೂ ಇದೆ. ಕೆಂಪು ಗಾರೆ ನೆಲದಲ್ಲಿ ಟ್ರೆಡಲ್ ಯಂತ್ರದ (ಕಾಲಲ್ಲಿ ತುಳಿದು ನಡೆಸುವ ಮುದ್ರಣ ಯಂತ್ರ) ಬೋಲ್ಟುಗಳು ಮುರಿದು ಉಳಿದಿವೆ. ಗೋಡೆ ಮೂಲೆ ಗುಡಿಸುವಾಗ ಸೀಸದ ಅಚ್ಚಿನ ಮೊಳೆಯೊಂದು ಸಿಕ್ಕಿತು. ತೊಳೆದು ಮಸಿ ಹಚ್ಚಿ ಕಾಗದಕ್ಕೆ ಒತ್ತಿದೆ. 'ಳ', ಅಂಚು ಒಂದಿಷ್ಟೂ ಸವೆದಿಲ್ಲ. ಎಷ್ಟು ಖುಷಿಯಾಯಿತು ಅಂದರೆ ಅವತ್ತು ಕೆಲಸವೇ ಮುಂದೆ ಸಾಗಲಿಲ್ಲ.

ಮೈಸೂರಿನ ದೊಡ್ಡ ಕಟ್ಟಡಗಳ ಕಥೆ ಎಲ್ಲರಿಗೂ ಗೊತ್ತು. ಜಗನ್ಮೋಹನ ಅರಮನೆ 1861ರದು. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ರಾಜಮನೆತನದವರು ಇದ್ದದ್ದು ಅಲ್ಲೇ. 1915ರಲ್ಲಿ ಅದು ಚಿತ್ರಶಾಲೆ ಆಯಿತು. ರಾಜಕುಮಾರಿಗೆಂದು ಕಟ್ಟಿಸಿದ ಜಯಲಕ್ಷ್ಮಿ ವಿಲಾಸ ಆಮೇಲೆ ವಿಶ್ವವಿದ್ಯಾಲಯದ ಪಾಲಾಗಿ, ಜಾನಪದ ವಸ್ತುಸಂಗ್ರಹಾಲಯ ಆಯಿತು. ಅವಕ್ಕೆಲ್ಲ ದಾಖಲೆ ಇದೆ. ಅಗ್ರಹಾರದ ಮನೆಗಳಿಗೆ ಯಾರು ಬರೆದಿಟ್ಟಿರುತ್ತಾರೆ? ಇರೋದು ಗೋಡೆ ಮತ್ತು ದೊಡ್ಡತ್ತೆಯಂಥವರ ನೆನಪು, ಅಷ್ಟೇ. ಅದಕ್ಕೇ ಗಾರೆ ಸವರುವ ಮುಂಚೆ ಪ್ರತಿ ಗೋಡೆಯನ್ನೂ ಅಳೆದು, ಇಟ್ಟಿಗೆ ಬದಲಾದ ಕಡೆಯೆಲ್ಲ ಗ್ರಾಫ್ ಹಾಳೆಯಲ್ಲಿ ಗೆರೆ ಹಾಕಿಕೊಳ್ಳುತ್ತಿದ್ದೇನೆ.

ಬಾಗಿಲು ತೆರೆಯೋಣ ಅನ್ನೋದು ದೊಡ್ಡತ್ತೆಯ ಆಸೆ. ಮೇಸ್ತ್ರಿಯೂ, "ತೆಗೆದ್ರೆ ಏನೂ ಆಗಲ್ಲ ಸಾರ್, ಭಾರ ಎಲ್ಲಾ ಕಮಾನಿನ ಮೇಲಿದೆ, ಇದು ಸುಮ್ನೆ ತುಂಬಿರೋ ಗೋಡೆ" ಅಂದರು. ಮಾತು ಸರಿಯೇ. ಆದರೂ ನನಗೆ ಮನಸ್ಸು ಬರಲಿಲ್ಲ. ಪ್ರೆಸ್ಸಿನ ಕಾಲವೂ ಈ ಮನೆಯದೇ ಅಲ್ವಾ? ಮೂಲ ಅಂತ ಹೇಳಿ ಅದನ್ನು ಒಡೆದು ಹಾಕಿದರೆ ನಾವೇ ಒಂದು ಹಾಳೆ ಹರಿದಂತೆ. ಕೊನೆಗೆ ದೊಡ್ಡತ್ತೆ ಒಪ್ಪಿದ ದಾರಿ ಇದು: ತುಂಬಿದ ಭಾಗದಲ್ಲಿ ಗಾರೆಯನ್ನು ಅರ್ಧ ಇಂಚು ಒಳಕ್ಕೆ ಹಿಡಿಯೋದು. ಕಮಾನಿನ ಅಂಚು, ಬಾಗಿಲಿನ ಆಕಾರ ಎರಡೂ ಕಾಣುತ್ತವೆ, ಮುಚ್ಚಿದ್ದೂ ಉಳಿಯುತ್ತದೆ.

ಗಾರೆಗೆ ಒಂದು ಪಾಲು ಅರಳಿಸಿ ಕೊಳೆಹಾಕಿದ ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಒಂದು ಪಾಲು ಮರಳು. ಕಲಸೋದು ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರಲ್ಲಿ. ಮೊದಲ ಕೈ ಮುಗಿದಿದೆ. ಸುಣ್ಣ ಸಿಮೆಂಟಿನ ಹಾಗೆ ಬೇಗ ಗಟ್ಟಿಯಾಗಲ್ಲ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಕಲ್ಲಾಗುತ್ತದೆ. ಬಿಸಿಲಿಗೆ ಒಣಗಿ ಬಿರುಕು ಬಿಡದಿರಲಿ ಅಂತ ಒದ್ದೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸುತ್ತಿದ್ದೇವೆ.

ಇನ್ನು ಸೂರು. ಇದು ಮದ್ರಾಸ್ ತಾರಸಿ, ಜಂತೆಗಳ ಮೇಲೆ ಸಣ್ಣ ಇಟ್ಟಿಗೆ ಓರೆಯಾಗಿ ನಿಲ್ಲಿಸಿ ಮಾಡಿದ್ದು. ಬೀದಿ ಕಡೆಯ ಒಂದು ಜಂತೆಯ ತುದಿ ಗೋಡೆಯೊಳಗೆ ಮೆತ್ತಗಾಗಿದೆ, ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯುತ್ತದೆ. ಮಳೆ ಹಿಡಿಯುವ ಮುಂಚೆ ಊರೆಗಂಬ ಕೊಟ್ಟು ಆ ತುದಿ ಕತ್ತರಿಸಿ, ಹಳೇ ತೇಗದ ತುಂಡು ಬೆಸೆಯಬೇಕು. ಮರ ಸಿಕ್ಕಿದೆ, ಬಡಗಿ ಮುಂದಿನ ವಾರ ಬರುತ್ತಾರೆ.