ಮೆಟ್ಟುಗತ್ತಿಯ ಮುಂದೆ ಇಂಗ್ಲಿಷ್ ಪಾಠ

ಸಾಗರದಲ್ಲಿ ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್‌ಗೆ ಬರುವ ಮಕ್ಕಳ ಗೈಡಿನಲ್ಲಿ ನುಡಿಗಟ್ಟುಗಳ ಪಟ್ಟಿ ಇದೆ. ‘ಲರ್ನ್ ದ ರೋಪ್ಸ್’, ‘ಫೈಂಡ್ ಯುವರ್ ಫೀಟ್’, ‘ಗೆಟ್ ದ ಹ್ಯಾಂಗ್ ಆಫ್ ಇಟ್’. ಎಲ್ಲದರ ಮುಂದೆಯೂ ಒಂದೇ ಅರ್ಥ: ಕಲಿಯುವುದು. ನನಗೆ ಇದು ಒಪ್ಪಿಗೆಯಿಲ್ಲ. ಯಾವ ಕೆಲಸದಲ್ಲೂ ಮೊದಲ ದಿನ ಬೇರೆ, ಕೈ ಪಳಗಿದ ದಿನ ಬೇರೆ, ಅಲ್ವಾ?

‘ಲರ್ನ್ ದ ರೋಪ್ಸ್’ ಹಾಯಿ ಹಡಗಿನವರ ಮಾತು ಅಂತಾರೆ. ಹಡಗಿನ ತುಂಬ ಹಗ್ಗ. ಯಾವುದನ್ನು ಎಳೆದರೆ ಯಾವ ಹಾಯಿ ಏಳುತ್ತದೆ ಅಂತ ಹೊಸಬ ಮೊದಲು ತಿಳಿದುಕೊಳ್ಳಬೇಕು. ನಮ್ಮ ಕಡೆ ಅಡಿಕೆ ಕೊಯ್ಲಿನ ಮನೆಗೆ ಹೊಸದಾಗಿ ಬಂದವರ ಕತೆಯೂ ಅದೇ. ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳ ಗುರುತು ಸಿಗಬೇಕು. ಹಣ್ಣಡಿಕೆ ಬೇರೆ ಹಾಕಬೇಕು, ಅದು ಬಿಸಿಲಲ್ಲಿ ಒಣಗಿ ಚಾಲಿಯಾಗುತ್ತದೆ.

ಆಮೇಲೆ ಮೆಟ್ಟುಗತ್ತಿ, ಅಂದರೆ ಅಡಿಕೆ ಸುಲಿಯುವ ಕತ್ತಿ. ಹೊಸಬರು ಕೂತಾಗ ಹತ್ತಿರ ನಿಂತು ನೋಡಿ. ಅಡಿಕೆಯನ್ನು ಅಲಗಿಗೆ ಒತ್ತುವಾಗ ಬೆರಳು ತಾನಾಗಿಯೇ ಹಿಂದೆ ಸರಿಯುತ್ತದೆ. ಸಿಪ್ಪೆ ಚೂರುಚೂರಾಗಿ ಕಿತ್ತು ಬರುತ್ತದೆ. ಜೋರಾಗಿ ಒತ್ತಿದರೆ ಅಲಗು ಒಳಗಿನ ಅಡಿಕೆಗೇ ತಾಗುತ್ತದೆ. ಹೀಗೇ ಒದ್ದಾಡುತ್ತಾ ಒಂದು ರಾತ್ರಿ ಕೈಗೆ ಅಂದಾಜು ಸಿಕ್ಕಿಬಿಡುತ್ತದೆ. ಅಲಗು ಸಿಪ್ಪೆಯಲ್ಲೇ ನಿಲ್ಲುತ್ತದೆ, ಕೈ ಸ್ವಲ್ಪ ತಿರುಗಿಸಿದರೆ ಸಾಕು, ಅಡಿಕೆ ಬುಟ್ಟಿಗೆ. ‘ಗೆಟ್ ದ ಹ್ಯಾಂಗ್ ಆಫ್ ಇಟ್’ ಅನ್ನಬೇಕಾದದ್ದು ಆಗ. ಪಕ್ಕದಲ್ಲಿ ಕೂತ ಹೆಂಗಸರು ಕತ್ತಿಯ ಕಡೆ ನೋಡದೆ ಧಾರಾವಾಹಿಯ ಕತೆ ಹೇಳುತ್ತಲೇ ಸುಲಿಯುತ್ತಾರಲ್ಲ, ಅವರು ‘ಓಲ್ಡ್ ಹ್ಯಾಂಡ್’.

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, “ಅಕ್ಕಾ, ಹಾಗಾದ್ರೆ ನಮ್ಮಮ್ಮ ಓಲ್ಡ್ ಹ್ಯಾಂಡಾ?” ಹೌದು ಮತ್ತೆ! ಅವಳ ಮುಖ ಅರಳಿತು. ಅಮ್ಮನ ಕೆಲಸಕ್ಕೂ ಇಂಗ್ಲಿಷಿನಲ್ಲಿ ಹೆಸರಿದೆ ಅಂತ ಅವಳಿಗೆ ಗೊತ್ತಾದದ್ದು ನನಗೆ ಮಾರ್ಕ್ಸಿಗಿಂತ ಜಾಸ್ತಿ.

‘ಫೈಂಡ್ ಯುವರ್ ಫೀಟ್’ ಮಾತ್ರ ಕೊಯ್ಲಿನ ಮನೆಗೆ ಅಷ್ಟು ಹೊಂದುವುದಿಲ್ಲ. ಅದು ಪಿಯುಸಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಿ, ಮೊದಲ ತಿಂಗಳು ಅತ್ತು, ಆಮೇಲೆ ಬಸ್ಸು, ಮೆಸ್ಸು, ಗೆಳತಿಯರು ಎಲ್ಲ ಅಭ್ಯಾಸವಾದವರ ಮಾತು.

ಈ ಸಲ ಕೊಯ್ಲು ಶುರುವಾದ ಮೇಲೆ ಮಕ್ಕಳಿಗೆ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ. ಸುಲಿಯುವಲ್ಲಿ ಅರ್ಧ ಗಂಟೆ ಕೂತು, ಯಾರಿಗೆ ಯಾವ ಮಾತು ಸರಿ, ಯಾಕೆ ಅಂತ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು ತರಲಿ.