ಲೇತ್‌ಗೆ ಕಟ್ಟಿದ ಅರದ ಮಷೀನು

14 ಡಿಸೆಂಬರ್ 2025, ಭಾನುವಾರ
ಬೆಂಗಳೂರು

ಬೆಳಿಗ್ಗೆ ಏಳಕ್ಕೇ ಶೆಡ್ ಬಾಗಿಲು ತೆಗೆದೆ. ಮೂರು ವಾರದಿಂದ ಬೆಂಚಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದ ಅರದ ಮಷೀನು, ಅಂದರೆ ಅರವನ್ನು ತಾನೇ ಮೇಲೆ ಕೆಳಗೆ ಆಡಿಸುವ ಮಷೀನು, ಇವತ್ತು ಓಡಲೇಬೇಕಿತ್ತು.

ಇದು ಬೇಕಾಗಿದ್ದು ಒಂದು ಚೌಕ ತೂತಿಗೆ. ಲೋಹವನ್ನು ತಿರುಗಿಸಿ ಕಡಿಯುವ ಲೇತ್‌ನಲ್ಲಿ ಉಳಿ ಹಿಡಿಯುವ ಟೂಲ್ ಪೋಸ್ಟಿಗೆ 10 ಮಿ.ಮೀ. ಚೌಕದ ಸ್ಪ್ಯಾನರ್ ಮಾಡಬೇಕು. ಕೈಯಲ್ಲಿ ಅರ ಹಾಕಿದರೆ ಎಷ್ಟು ಹುಷಾರಾಗಿದ್ದರೂ ಕೈ ತೂಗುತ್ತದೆ. ತೂತಿನ ಎರಡೂ ಬಾಯಿ ಅಗಲ, ನಡುವೆ ಉಬ್ಬು. ಹಾಗಾಗಿ ಕೆಟ್ಟ ಎರಡು ಸ್ಪ್ಯಾನರ್ ಈಗಾಗಲೇ ಗುಜರಿ ಡಬ್ಬದಲ್ಲಿವೆ.

ತಿರುಗಿಸೋಕೆ ಲೇತ್ ಇದ್ದೇ ಇದೆ, ಅಲ್ವಾ? ಚಕ್‌ನಲ್ಲಿ (ತುಂಡು ಕಚ್ಚಿ ತಿರುಗುವ ಭಾಗ) ಒಂದು ಮೆದು ಉಕ್ಕಿನ ಬಿಲ್ಲೆ. ಅದರ ನಡುವಿನಿಂದ 10 ಮಿ.ಮೀ. ದೂರಕ್ಕೆ ಪಿನ್, ಪಿನ್ನಿಗೆ ಒಂದು ಚಿಕ್ಕ ಬೇರಿಂಗ್ (626). ಲೇತ್‌ನಲ್ಲಿ ಅಡ್ಡಕ್ಕೆ ಸರಿಯುವ ಕ್ರಾಸ್ ಸ್ಲೈಡ್ ಮೇಲೆ ಬ್ರಾಕೆಟ್, ಅದರಲ್ಲಿ ನೆಟ್ಟಗೆ ನಿಂತ ರಾಡು. ರಾಡಿಗೆ ಬಿಗಿದ ಅಡ್ಡ ಸ್ಲಾಟ್‌ನಲ್ಲಿ ಬೇರಿಂಗ್ ಉರುಳಿದರೆ ರಾಡೂ ಅದಕ್ಕೆ ಕಚ್ಚಿಸಿದ ಅರವೂ 20 ಮಿ.ಮೀ. ಮೇಲೆ ಕೆಳಗೆ ಆಡುತ್ತವೆ. ರಾಡು ಜಾರುವ ಎರಡು ಗನ್‌ಮೆಟಲ್ ಬುಷ್‌ಗೂ (ಲೋಹದ ಕೊಳವೆ) ಬ್ರಾಕೆಟ್ಟಿಗೆ ಕೂರಿಸಿದ ಮೇಲೆಯೇ ಒಂದೇ ಸಲ, ತೂತು ನಯ ಮಾಡುವ ರೀಮರ್ ಹಾಯಿಸಿದ್ದೆ. ಬೇರೆ ಬೇರೆ ಮಾಡಿದ್ದರೆ ಎರಡು ತೂತು ಒಂದೇ ನೇರಕ್ಕೆ ಬಾರದೆ ರಾಡು ಬಿಗಿದುಕೊಳ್ಳುತ್ತಿತ್ತು.

ನಿಮಿಷಕ್ಕೆ 150 ಸುತ್ತು ಇಟ್ಟು ಸ್ವಿಚ್ ಹಾಕಿದೆ. ರಾಡು ಬೆಣ್ಣೆಯ ಹಾಗೆ ಓಡಿತು. ಸ್ಪ್ಯಾನರಿನ ತುಂಡನ್ನು ಮಷೀನಿನ ಟೇಬಲ್ ಮೇಲಿಟ್ಟು ಅರಕ್ಕೆ ತಾಗಿಸಿದೆ. ಟಕ್ ಅಂತ ಟೇಬಲ್ ಬಿಟ್ಟು ಮೇಲೆದ್ದು ಬೆರಳಿಗೆ ಬಡಿಯಿತು. ಎಷ್ಟು ಒತ್ತಿ ಹಿಡಿದರೂ ಅದೇ ಕಥೆ. ಟೇಬಲ್ ಸ್ಕ್ರೂ ಎಲ್ಲ ಬಿಗಿ ಮಾಡಿದೆ. ಬೇಜಾರಾಯಿತು.

ಅಪ್ಪ ಕಾಫಿ ಲೋಟ ಹಿಡಿದು ಬಂದರು. ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಮಷೀನು ನಿಲ್ಲಿಸಿಸಿ, ಅರದ ಮೇಲೆ ಬೆರಳು ಸವರಿದರು. ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ.

“ಹಲ್ಲು ಯಾವ ಕಡೆ ನೋಡ್ತಿದೆ, ನೋಡಿದ್ಯಾ ಮಗಾ?”

ನೋಡಿರಲಿಲ್ಲ. ಕೈ ಅರ ಕಡಿಯೋದು ಮುಂದಕ್ಕೆ ತಳ್ಳಿದಾಗ, ಅಂದರೆ ತುದಿಯ ಕಡೆಗೆ. ನಾನು ಹಿಡಿಯನ್ನು (ಮರದ ಪಿಡಿ ಕೂರುವ ಬಾಲ) ಕೆಳಗೆ ಕಚ್ಚಿಸಿ ತುದಿ ಮೇಲೆ ಮಾಡಿದ್ದೆ. ಹಾಗಾಗಿ ಅದು ಮೇಲೇಳುವಾಗ ಕಡಿಯುತ್ತಿತ್ತು, ತುಂಡನ್ನೂ ಎತ್ತುತ್ತಿತ್ತು. ಕೆಳಗಿಳಿಯುವಾಗ ಕಡಿದರೆ ಅದೇ ಅರ ತುಂಡನ್ನು ಟೇಬಲ್‌ಗೆ ಒತ್ತುತ್ತದೆ. ಇಂಥ ಮಷೀನಿಗೆಂದೇ ಮಾಡುವ ಅರದಲ್ಲಿ ಹಲ್ಲು ಹಿಡಿಯ ಕಡೆ ತಿರುಗಿರುವುದು ಇದಕ್ಕೇ.

ಅರವನ್ನು ತಲೆಕೆಳಗು ಮಾಡಿದೆವು. ಮೇಲೆ ಬಂದ ಹಿಡಿ ಮೆತ್ತಗಿತ್ತು, ಹ್ಯಾಕ್‌ಸಾ ಸಲೀಸಾಗಿ ಕಡಿಯಿತು. ಈಗ ಕೆಳಗೆ ಕಚ್ಚಿಸಬೇಕಾದ ತುದಿ ಗಾಜಿನಷ್ಟು ಗಡಸು. ಅದನ್ನು ಗ್ರೈಂಡರ್‌ನಲ್ಲಿ ಸವೆಸಿ, ಸುತ್ತ ಹಿತ್ತಾಳೆ ತಗಡು ಮಡಚಿಟ್ಟು ಸ್ಕ್ರೂ ಬಿಗಿದೆ. ಅರದ ಒಂದು ಅಂಚಿನ ಹಲ್ಲನ್ನೂ ನುಣ್ಣಗೆ ತೆಗೆದೆ, ಮೂಲೆಗೆ ಹೋದಾಗ ಪಕ್ಕದ ಗೋಡೆ ತಿನ್ನಬಾರದು ಅಂತ.

ಆಮೇಲೆ ನೋಡಬೇಕಿತ್ತು! ತುಂಡು ಟೇಬಲ್‌ಗೆ ಅಂಟಿಕೊಂಡ ಹಾಗೆ ಕೂತಿತು. ಎರಡು ಬೆರಳಲ್ಲಿ ಸುಮ್ನೆ ದೂಡಿದರೆ ಸಾಕು. ಕಬ್ಬಿಣದ ಪುಡಿ ಸಣ್ಣಗೆ ಕೆಳಗೆ ಸುರಿಯುತ್ತಿತ್ತು. ಸಂಜೆ ಹೊತ್ತಿಗೆ ಮೂರು ಗೋಡೆ ಮುಗಿದವು. ಗುಣ್ಯ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದೆ, ಎಲ್ಲೂ ಸಂದಿಯಿಲ್ಲ. ಅಪ್ಪನೂ ಕನ್ನಡಕ ಏರಿಸಿ ನೋಡಿದರು, ಗುಣ್ಯ ತಿರುಗಿಸಿ ಇನ್ನೊಮ್ಮೆ ನೋಡಿದರು.

“ನಾಲ್ಕನೇದು ನಾನು ಹಾಕ್ತೀನಿ, ಬಿಡು” ಅಂದರು.