ಕೊಡ ಹೊತ್ತಾಕಿ ಎಲ್ಲಿ?

ಹದಿಮೂರು ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೇನೆ. ಕಳೆದ ವರ್ಷ ಒಂದು ಪ್ರಯೋಗಾತ್ಮಕ ನೃತ್ಯಚಿತ್ರ ಕೈಗೆ ಬಂತು. ಬಳ್ಳಾರಿ ಕಡೆಯ ಒಬ್ಬ ಜೋಗತಿ ಕಲಾವಿದೆ, ಅವರ ತಲೆಯ ಮೇಲೆ ಎಲ್ಲಮ್ಮನ ಕೊಡ, ಹಿಂದೆ ಚೌಡಿಕೆ ಎಂಬ ತಂತಿವಾದ್ಯ, ಸುತ್ತ ಒಂದು ಖಾಲಿ ಗೋದಾಮು. ಮಾತಿಲ್ಲ, ಕತೆಯಿಲ್ಲ. ದೇಹ ಮತ್ತು ಗುರುತು, ಅಷ್ಟೇ ವಸ್ತು.

ಹುಟ್ಟಿದಾಗ ಗಂಡು ಎಂದು ಕರೆಸಿಕೊಂಡು, ಎಲ್ಲಮ್ಮನ ಹೆಸರಲ್ಲಿ ದೀಕ್ಷೆಯ ಮುತ್ತು ಕಟ್ಟಿಸಿಕೊಂಡು, ಹೆಣ್ಣಾಗಿ ಬದುಕುತ್ತಿರುವವರು ಅವರು. ಇದೇ ಪರಂಪರೆಯ ಇನ್ನೊಬ್ಬ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಈ ಜೋಗತಿ ಕುಣಿತದ ಹೆಸರು ನಾನೂ ಕೇಳಿದ್ದೆ. ಕೇಳಿದ್ದೆ ಅಷ್ಟೇ, ಕಣ್ಣಿಟ್ಟು ನೋಡಿರಲಿಲ್ಲ.

ರಫ್ ಕಟ್‌ನಲ್ಲಿ, ಅಂದರೆ ಮೊದಲ ಕರಡು ಜೋಡಣೆಯಲ್ಲಿ, ನಾನು ಮಾಡಿದ್ದು ಇದು: ಗಂಟಲ ಉಬ್ಬಿನ ಕ್ಲೋಸಪ್ ಪಕ್ಕದಲ್ಲಿ ಹಸಿರು ಬಳೆ. ಗದ್ದದ ಒರಟು ಚರ್ಮ, ತಕ್ಷಣ ಸೀರೆಯ ನೆರಿಗೆ. ಹನ್ನೊಂದು ನಿಮಿಷಕ್ಕೆ ತೊಂಬತ್ತು ಕಟ್. ಗುರುತು ಎಂದರೆ ಇದೇ ಎಂದು ನಂಬಿದ್ದೆ, ನಿರ್ದೇಶಕರೂ ಮೆಚ್ಚಿದ್ದರು.

ಕಲಾವಿದೆಯ ಮನೆಗೇ ಹೋಗಿ, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆವು. ಮುಗಿಯುವ ತನಕ ಸುಮ್ಮನಿದ್ದರು. ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

"ಒಂದ್ರಾಗ ಗಂಡು ಹುಡುಕೀದಿ, ಇನ್ನೊಂದ್ರಾಗ ಹೆಣ್ಣು ಹುಡುಕೀದಿ. ಕೊಡ ಹೊತ್ತಾಕಿ ಎಲ್ಲಿ ತಮ್ಮಾ?"

ಬೆಂಗಳೂರಿಗೆ ವಾಪಸ್ ಬಂದು ಪೂರಾ ಫುಟೇಜ್ ಮತ್ತೆ ನೋಡಿದೆ. ಅವರ ಪ್ರಶ್ನೆಗೆ ಉತ್ತರ ಇರಲಿಲ್ಲ. ಮುಖದ ಕ್ಲೋಸಪ್‌ಗಳಲ್ಲಿ ಕೊಡವೇ ಚೌಕಟ್ಟಿನಿಂದ ಆಚೆ. ಕೊಡ ಕಾಣದಿದ್ದರೆ ಆ ಕತ್ತು ಯಾಕೆ ಅಷ್ಟು ನೆಟ್ಟಗಿದೆ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಮಾತು. ಕೈ ಹಿಡಿಯದೆ ಕೊಡ ನಿಲ್ಲಿಸಿಕೊಂಡು ಕುಣಿಯುವವರ ಮೇಲೆ ಕಟ್ ಹಾಕಿದರೆ, ಆ ಕಟ್‌ನ ಮರೆಯಲ್ಲಿ ಕೊಡ ಬಿದ್ದಿರಬಹುದು ಎಂಬ ಅನುಮಾನ ಹುಟ್ಟುತ್ತದೆ. ಸಮತೋಲಕ್ಕೆ ಸಾಕ್ಷಿ ಮುರಿಯದ ಸಮಯ ಒಂದೇ.

ಸ್ಲೋ ಮೋಷನ್ ಮೂರು ಕಡೆ ಇತ್ತು. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ಓಡಿಸಿದ್ದೆವು. ನೋಡಲು ಚೆಂದ, ಆದರೆ ಹೆಜ್ಜೆಗೂ ಚೌಡಿಕೆಯ ಮೀಟಿಗೂ ಸಂಬಂಧ ತಪ್ಪಿತ್ತು. ಕೊಡ ಅಲುಗಿದಾಗ ಕತ್ತಿನಲ್ಲಿ ಕ್ಷಣಮಾತ್ರ ಹಾಯುವ ನಡುಕವೂ ಮಾಯ. ಮೂರನ್ನೂ ತೆಗೆದೆ. 16:9ರ ಅಡ್ಡ ಚೌಕಟ್ಟಿನಲ್ಲಿ ಕೊಡದಿಂದ ಪಾದದವರೆಗೆ ಹಿಡಿದರೆ ಎರಡೂ ಬದಿ ಗೋಡೆಯೇ ತುಂಬಿಕೊಳ್ಳುತ್ತಿತ್ತು. ವೈಡ್ ಶಾಟ್‌ನ ಬದಿಗಳನ್ನು ಕತ್ತರಿಸಿ 4:3 ಮಾಡಿದೆ, ನಿಂತ ದೇಹಕ್ಕೆ ಜಾಗ ಸರಿಹೋಯಿತು.

ಒಂದು ಟೇಕ್ ನಾಲ್ಕು ನಿಮಿಷದ್ದಿತ್ತು, ಉದ್ದವಾಯಿತೆಂದು ಬದಿಗಿಟ್ಟಿದ್ದೆ. ಅದರಲ್ಲಿ ಅವರು ಕುಣಿಯುತ್ತಲೇ ಮೆಲ್ಲಗೆ ಕುಕ್ಕರಗಾಲಲ್ಲಿ ಕೂರುತ್ತಾರೆ, ಕೊಡ ಎಡಕ್ಕೆ ವಾಲುತ್ತದೆ, ಸೊಂಟ ಬಲಕ್ಕೆ ಸರಿದು ಅದನ್ನು ಹಿಡಿದು ನಿಲ್ಲಿಸುತ್ತದೆ. ಈಗ ಚಿತ್ರದ ನಡುಭಾಗ ಪೂರ್ತಿ ಅದೇ, ಒಂದೂ ಕಟ್ ಇಲ್ಲದೆ.

ಕ್ಲೋಸಪ್ ಒಂದಾದರೂ ಇರಲಿ ಎಂದು ನಿರ್ದೇಶಕರು ಕೇಳಿದರು. ಈ ಸಲ ನಾನು ಆರಿಸಲಿಲ್ಲ, ಇದ್ದ ಅಷ್ಟನ್ನೂ ಕಲಾವಿದೆಯ ಮುಂದೆ ಇಟ್ಟೆ. ಒಂದೊಂದೇ ನೋಡುತ್ತಾ ಬಂದವರು ಬಿರಿದ ಹಿಮ್ಮಡಿಯ ಶಾಟ್ ಬಳಿ ಕೈಯೆತ್ತಿ ನಿಲ್ಲಿಸಿದರು.

"ಇದು ಇಡು. ಅಮ್ಮನ ಭಾರ ಎಲ್ಲಾ ಇಲ್ಲೇ ಬಂದು ಇಳೀತದ."